ಹೊಸ ಕಂಪ್ಯೂಟರ್ ಆನ್ ಆಗುತ್ತಿಲ್ಲ: ಕೆಟ್ಟಿರುವುದು ಬೋರ್ಡೋ, ಎಸ್‌ಎಂಪಿಎಸ್ಸೋ?

ಪ್ರಶ್ನೆ: ನಾವು ಪುಣೆಯ ಕೋಥ್ರೂಡ್‌ನಲ್ಲಿ ಇರುವವರು. ಎಂಜಿನಿಯರಿಂಗ್ ಓದುತ್ತಿರುವ ಮಗಳಿಗಾಗಿ ಬಿಡಿಭಾಗಗಳನ್ನು ತಂದು ಮನೆಯಲ್ಲಿಯೇ ಕಂಪ್ಯೂಟರ್ ಜೋಡಿಸಿದೆವು. ರೈಜನ್ 5 7600 ಪ್ರೊಸೆಸರ್, ಬಿ650 ಮದರ್‌ಬೋರ್ಡ್, 16 ಜಿಬಿಯ ಎರಡು ಡಿಡಿಆರ್5 ರ್‍ಯಾಮ್, 650 ವ್ಯಾಟ್‌ನ ಹೊಸ ಮಾಡ್ಯುಲರ್ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ವಿದ್ಯುತ್ತು ಒದಗಿಸುವ ಡಬ್ಬಿ, ಕೇಬಲ್ಲುಗಳನ್ನು ಬಿಚ್ಚಿ ಸಿಕ್ಕಿಸಬಹುದಾದಂಥದು) ಮತ್ತು ಹಳೆಯ ಕಂಪ್ಯೂಟರಿನಿಂದ ತೆಗೆದ ಗ್ರಾಫಿಕ್ಸ್ ಕಾರ್ಡ್. ಮೊದಲ ಸಲ ಗುಂಡಿ ಒತ್ತಿದಾಗ ಫ್ಯಾನುಗಳು ಒಮ್ಮೆ ಅಲುಗಿ ನಿಂತವು. ಆಮೇಲೆ ಎಷ್ಟು ಸಲ ಒತ್ತಿದರೂ ಏನೂ ಆಗುತ್ತಿಲ್ಲ. ಬೋರ್ಡಿನ ಮೇಲೆ ಒಂದು ಸಣ್ಣ ದೀಪ ಮಾತ್ರ ಉರಿಯುತ್ತಿರುತ್ತದೆ. ಅಂಗಡಿಯವರು ಫೋನಿನಲ್ಲಿಯೇ ‘ಬೋರ್ಡ್ ಹೋಗಿದೆ’ ಎಂದರು. ಹುಬ್ಬಳ್ಳಿಯಲ್ಲಿರುವ ಅಕ್ಕನ ಮಗ ‘ಎಸ್‌ಎಂಪಿಎಸ್ ಬದಲಿಸಿ ನೋಡ್ರಿ ಮಾಮಾ’ ಎನ್ನುತ್ತಾನೆ. ಯಾರ ಮಾತು ಸರಿ? ಪೇಪರ್ ಕ್ಲಿಪ್ ಹಾಕಿ ಎಸ್‌ಎಂಪಿಎಸ್ ಪರೀಕ್ಷಿಸಬಹುದು ಎಂದು ಓದಿದ್ದೇನೆ, ಅದು ಸುರಕ್ಷಿತವೇ? ಅಂದಹಾಗೆ, ಹೊಸ ಎಸ್‌ಎಂಪಿಎಸ್ ಜೊತೆ ಬಂದ ಸಿಪಿಯು (ಪ್ರೊಸೆಸರ್) ಕೇಬಲ್ ಕ್ಯಾಬಿನೆಟ್ಟಿನ ಹಿಂಬದಿಯಿಂದ ಸುತ್ತಿ ಬರಲು ಗಿಡ್ಡವಾಯಿತೆಂದು ಹಳೆಯ ಎಸ್‌ಎಂಪಿಎಸ್‌ನ ಕೇಬಲ್ಲನ್ನೇ ಹಾಕಿದ್ದೇವೆ. ಎರಡೂ ಕಡೆ ಸರಿಯಾಗಿ ಕೂತಿದೆ.

ಉತ್ತರ: ಮೊದಲು ತುರ್ತಿನ ಮಾತು. ಮುಂದಕ್ಕೆ ಓದುವ ಮೊದಲೇ ಕಂಪ್ಯೂಟರಿನ ವೈರನ್ನು ಗೋಡೆಯ ಸಾಕೆಟ್ಟಿನಿಂದ ಕಿತ್ತು, ಹಳೆಯ ಎಸ್‌ಎಂಪಿಎಸ್‌ನಿಂದ ತಂದ ಆ ಸಿಪಿಯು ಕೇಬಲ್ಲನ್ನು ಎರಡೂ ತುದಿಗಳಲ್ಲಿ ಬಿಚ್ಚಿ ಪಕ್ಕಕ್ಕಿಡಿ. ಅದನ್ನು ತೆಗೆಯುವವರೆಗೆ ಗುಂಡಿಯನ್ನು ಇನ್ನೊಮ್ಮೆ ಒತ್ತಬೇಡಿ. ಪ್ರಶ್ನೆಯ ಕೊನೆಯಲ್ಲಿ ‘ಅಂದಹಾಗೆ’ ಎಂದು ನೀವು ಸೇರಿಸಿದ ಮಾತೇ ನಿಮ್ಮ ತೊಂದರೆಯ ಮೂಲವಾಗಿರುವ ಸಾಧ್ಯತೆ ಹೆಚ್ಚು.

ಕಾರಣ ಹೀಗಿದೆ. ಕೇಬಲ್ಲಿನ ಒಂದು ತುದಿ ಮದರ್‌ಬೋರ್ಡಿಗೆ ಸೇರುತ್ತದೆ. ಆ ತುದಿಯಲ್ಲಿ ಯಾವ ಪಿನ್ನಿಗೆ ಯಾವ ವೋಲ್ಟೇಜ್ ಬರಬೇಕೆಂಬುದನ್ನು ಎಟಿಎಕ್ಸ್ ಮಾನದಂಡ ಗೊತ್ತುಪಡಿಸಿದೆ, ಎಲ್ಲ ತಯಾರಕರೂ ಅದನ್ನು ಪಾಲಿಸುತ್ತಾರೆ. ಇನ್ನೊಂದು ತುದಿ, ಎಂದರೆ ಮಾಡ್ಯುಲರ್ ಎಸ್‌ಎಂಪಿಎಸ್‌ನ ಮೈಗೆ ಸಿಕ್ಕಿಸುವ ತುದಿ, ಯಾವ ನಿಯಮಕ್ಕೂ ಒಳಪಟ್ಟಿಲ್ಲ. ಒಬ್ಬ ತಯಾರಕ 12 ವೋಲ್ಟ್ ಇಟ್ಟ ಜಾಗದಲ್ಲಿ ಇನ್ನೊಬ್ಬ ಗ್ರೌಂಡ್ (ವಿದ್ಯುತ್ತು ಮರಳುವ ದಾರಿ) ಇಟ್ಟಿರಬಹುದು. ಒಂದೇ ಕಂಪನಿಯ ಎರಡು ಮಾಲಿಕೆಗಳ ನಡುವೆಯೂ ಈ ವ್ಯತ್ಯಾಸ ಇರುವುದುಂಟು. ಕನೆಕ್ಟರಿನ ಪ್ಲಾಸ್ಟಿಕ್ ಅಚ್ಚು ಮಾತ್ರ ಬಹುತೇಕ ಒಂದೇ ತರಹದ್ದಾದ್ದರಿಂದ ಕೇಬಲ್ ಸಲೀಸಾಗಿ ಒಳಗೆ ಹೋಗಿ ಕಟಕ್ಕೆಂದು ಕೂರುತ್ತದೆ. ಸರಿಯಾಗಿ ಕೂತಿದೆ ಎಂದು ನೀವು ಬರೆದಿರುವುದನ್ನು ನಾನು ನಂಬುತ್ತೇನೆ, ಆದರೆ ಅದು ಆಕಾರ ಹೊಂದಿದೆ ಎಂಬುದಕ್ಕೆ ಸಾಕ್ಷಿಯೇ ಹೊರತು ವಿದ್ಯುತ್ತು ಸರಿಯಾದ ಪಿನ್ನಿಗೆ ಹೋಗುತ್ತಿದೆ ಎಂಬುದಕ್ಕಲ್ಲ.

ಸಿಪಿಯುವಿನ 8 ಪಿನ್ ಕನೆಕ್ಟರಿನಲ್ಲಿ ಒಂದು ಸಾಲಿನ ನಾಲ್ಕು ಪಿನ್ನುಗಳು 12 ವೋಲ್ಟ್, ಇನ್ನೊಂದು ಸಾಲಿನ ನಾಲ್ಕು ಗ್ರೌಂಡ್. ಹೊಂದದ ಕೇಬಲ್ಲಿನಲ್ಲಿ ಇವುಗಳಲ್ಲಿ ಕೆಲವಾದರೂ ಅದಲುಬದಲಾದರೆ 12 ವೋಲ್ಟ್ ನೇರವಾಗಿ ಗ್ರೌಂಡಿಗೆ ಮುಟ್ಟುತ್ತದೆ, ಎಂದರೆ ಶಾರ್ಟ್ ಆಗುತ್ತದೆ. ಆಗ ಎಸ್‌ಎಂಪಿಎಸ್‌ನ ಒಳಗಿನ ರಕ್ಷಣಾ ಸರ್ಕ್ಯೂಟು ಕ್ಷಣಮಾತ್ರದಲ್ಲಿ ಎಲ್ಲ ಮುಖ್ಯ ವೋಲ್ಟೇಜುಗಳನ್ನೂ ಕಡಿದುಬಿಡುತ್ತದೆ. ಆ ಕ್ಷಣದಲ್ಲಿ ಫ್ಯಾನಿಗೆ ತಲುಪಿದ ಚೂರು ವಿದ್ಯುತ್ತಿನಿಂದ ಅದರ ರೆಕ್ಕೆ ಒಮ್ಮೆ ಅಲುಗಿ ನಿಲ್ಲುತ್ತದೆ. ನೀವು ಮೊದಲ ಸಲ ಕಂಡದ್ದು ಇದೇ ಇರಬೇಕು. ಹೀಗೆ ಕಡಿದುಕೊಂಡ ಬಹಳಷ್ಟು ಎಸ್‌ಎಂಪಿಎಸ್‌ಗಳು ಗೋಡೆಯ ವಿದ್ಯುತ್ತನ್ನು ಪೂರ್ತಿ ತೆಗೆದು, ಒಳಗಿನ ಕೆಪಾಸಿಟರುಗಳು ಬರಿದಾಗುವವರೆಗೆ ಬಿಟ್ಟು, ಮತ್ತೆ ಕೊಡುವ ತನಕ ಏಳುವುದೇ ಇಲ್ಲ. ಆದ್ದರಿಂದಲೇ ಆಮೇಲೆ ನೀವು ಎಷ್ಟು ಸಲ ಒತ್ತಿದರೂ ಫ್ಯಾನು ಅಲುಗಲಿಲ್ಲ. ಅದು ಎಸ್‌ಎಂಪಿಎಸ್ ಸತ್ತಿದೆ ಎಂಬ ಲಕ್ಷಣವಲ್ಲ, ಬದುಕಿದ್ದು ತನ್ನ ಕೆಲಸ ಮಾಡಿದೆ ಎಂಬ ಲಕ್ಷಣ.

ಇನ್ನು ಉರಿಯುತ್ತಲೇ ಇರುವ ಆ ಸಣ್ಣ ದೀಪ. 1995ರಲ್ಲಿ ಇಂಟೆಲ್ ರೂಪಿಸಿದ ಎಟಿಎಕ್ಸ್ ವ್ಯವಸ್ಥೆ ಬರುವ ಮೊದಲು ಕಂಪ್ಯೂಟರಿನ ಮುಂಭಾಗದ ಸ್ವಿಚ್ಚು ಫ್ಯಾನಿನ ಸ್ವಿಚ್ಚಿನಂತೆ 230 ವೋಲ್ಟನ್ನೇ ಹಾಕಿ ತೆಗೆಯುತ್ತಿತ್ತು. ಎಟಿಎಕ್ಸ್‌ನಲ್ಲಿ ಹಾಗಿಲ್ಲ. ಎಸ್‌ಎಂಪಿಎಸ್‌ನ ಹಿಂಬದಿಯ ಸ್ವಿಚ್ಚು ಹಾಕಿದ ಕೂಡಲೇ ಅದರ ಒಂದು ಪುಟ್ಟ ಭಾಗ ಎಚ್ಚರಗೊಂಡು, ಸ್ಟ್ಯಾಂಡ್‌ಬೈ ಎನ್ನಲಾಗುವ 5 ವೋಲ್ಟನ್ನು ಬೋರ್ಡಿಗೆ ಸೇರುವ ದೊಡ್ಡ 24 ಪಿನ್ ಕನೆಕ್ಟರಿನ 9ನೆಯ ಪಿನ್ನಿನ ಮೂಲಕ ಬೋರ್ಡಿಗೆ ಸದಾ ಕೊಡುತ್ತಿರುತ್ತದೆ. ಮುಂಭಾಗದ ಗುಂಡಿ ಬೋರ್ಡಿನ ಎರಡು ಪಿನ್ನುಗಳನ್ನು ಅರೆಕ್ಷಣ ಜೋಡಿಸುತ್ತದೆ, ಅಷ್ಟೇ. ಅದನ್ನು ಗಮನಿಸಿದ ಬೋರ್ಡು 16ನೆಯ ಪಿನ್ನನ್ನು ಗ್ರೌಂಡಿಗೆ ಎಳೆಯುತ್ತದೆ. ಆಗ ಎಸ್‌ಎಂಪಿಎಸ್ ಪೂರ್ತಿ ಎದ್ದು 12, 5 ಮತ್ತು 3.3 ವೋಲ್ಟುಗಳನ್ನು ಕೊಟ್ಟು, ಅವು ಸ್ಥಿರವಾದ ಮೇಲೆ 8ನೆಯ ಪಿನ್ನಿನಲ್ಲಿ ‘ಎಲ್ಲ ಸರಿಯಿದೆ’ ಎಂಬ ಸಂಕೇತ ಕಳಿಸುತ್ತದೆ. ಪ್ರೊಸೆಸರ್ ಕೆಲಸ ಶುರುಮಾಡುವುದು ಆ ಸಂಕೇತ ಬಂದ ಮೇಲೆಯೇ.

ನಿಮ್ಮ ಬೋರ್ಡಿನ ದೀಪ ಉರಿಯುತ್ತಿದೆ ಎಂದರೆ ಗೋಡೆಯ ಸಾಕೆಟ್ಟು, ವೈರು, ಎಸ್‌ಎಂಪಿಎಸ್‌ನ ಹಿಂದಿನ ಸ್ವಿಚ್ಚು, ಸ್ಟ್ಯಾಂಡ್‌ಬೈ ಭಾಗ, 24 ಪಿನ್ ಕನೆಕ್ಟರಿನ ಜೋಡಣೆ ಇವಿಷ್ಟೂ ಹೆಚ್ಚುಕಡಿಮೆ ಸರಿಯಿವೆ ಎಂದಾಯಿತು. ಇಷ್ಟು ಮಾಹಿತಿ ಆ ಒಂದು ದೀಪದಿಂದ ಸಿಗುತ್ತದೆ. ‘ಆನ್ ಆಗುತ್ತಿಲ್ಲ’ ಎಂಬ ಎರಡು ಪದ ಕೇಳಿಯೇ ಬೋರ್ಡ್ ಹೋಗಿದೆ ಎಂದು ತೀರ್ಪು ಕೊಡುವ ಅಂಗಡಿಯವರೂ, ನೋಡದೆಯೇ ಎಸ್‌ಎಂಪಿಎಸ್ ಬದಲಿಸಿ ಎನ್ನುವ ನಿಮ್ಮ ಸೋದರಳಿಯನೂ ದೀಪ ಉರಿಯುತ್ತಿದೆಯೇ ಎಂದು ಕೇಳಿದ್ದರೆ ಇಬ್ಬರೂ ಸ್ವಲ್ಪ ತಡೆದು ಮಾತನಾಡುತ್ತಿದ್ದರು. ಹೊಸದಾಗಿ ಜೋಡಿಸಿದ ಕಂಪ್ಯೂಟರು ಏಳದಿದ್ದಾಗ ಭಾಗಗಳನ್ನು ಬದಲಿಸುತ್ತ ಹೋಗುವುದು ದುಬಾರಿಯ ದಾರಿ. ಒಂದೊಂದನ್ನೇ ಕಳೆಯುತ್ತ ಹೋಗುವುದು ಖರ್ಚಿಲ್ಲದ ದಾರಿ, ಮತ್ತು ಬಹುತೇಕ ಸಲ ಬೇಗ ಮುಗಿಯುವ ದಾರಿ.

ಕಳೆಯುವ ಕೆಲಸವನ್ನು ಕ್ಯಾಬಿನೆಟ್ಟಿನ ಹೊರಗೆ ಮಾಡುವುದು ಒಳ್ಳೆಯದು. ಬೋರ್ಡನ್ನು ಬಿಚ್ಚಿ, ಅದು ಬಂದಿದ್ದ ರಟ್ಟಿನ ಡಬ್ಬಿಯ ಮೇಲೆ ಇಡಿ. ಬೂದು ಬಣ್ಣದ ಹೊಳೆಯುವ ಚೀಲದ ಮೇಲೆ ಇಡಬೇಡಿ; ಸ್ಟ್ಯಾಟಿಕ್ (ಮೈಮೇಲೆ ಕೂಡಿಕೊಳ್ಳುವ ವಿದ್ಯುತ್ತು) ತಡೆಯುವ ಆ ಚೀಲದ ಮೇಲ್ಮೈಯಲ್ಲಿ ವಿದ್ಯುತ್ತು ಅಲ್ಪಸ್ವಲ್ಪ ಹರಿಯಬಲ್ಲದು. ಬೋರ್ಡನ್ನು ಮುಟ್ಟುವ ಮೊದಲು ಕ್ಯಾಬಿನೆಟ್ಟಿನ ಬಣ್ಣ ಬಳಿಯದ ಲೋಹದ ಭಾಗವನ್ನೊಮ್ಮೆ ಮುಟ್ಟಿ. ಪುಣೆಯ ಮಳೆಗಾಲದಲ್ಲಿ ಸ್ಟ್ಯಾಟಿಕ್ ಕಾಟ ಕಡಿಮೆ, ಚಳಿಗಾಲದ ಒಣಹವೆಯಲ್ಲಿ ಹೆಚ್ಚು; ಆದರೂ ಅಭ್ಯಾಸ ಎಲ್ಲ ಕಾಲಕ್ಕೂ ಇರಲಿ.

ಬೋರ್ಡಿನ ಮೇಲೆ ಪ್ರೊಸೆಸರ್, ಅದರ ಕೂಲರ್ ಮತ್ತು ಒಂದೇ ಒಂದು ರ್‍ಯಾಮ್ ಇರಲಿ. ನಾಲ್ಕು ಸ್ಲಾಟುಗಳ ಬೋರ್ಡಾದರೆ ಆ ರ್‍ಯಾಮ್ ಪ್ರೊಸೆಸರಿನ ಕಡೆಯಿಂದ ಎಣಿಸಿದಾಗ ಎರಡನೆಯದಾಗಿ ಬರುವ ಸ್ಲಾಟಿನಲ್ಲಿರಲಿ. ಬೋರ್ಡಿನ ಮೇಲೆ ಸಾಮಾನ್ಯವಾಗಿ ‘ಎ2’ ಎಂದು ಅಚ್ಚಾಗಿರುತ್ತದೆ. ಕೂಲರಿನ ಫ್ಯಾನಿನ ವೈರು ‘ಸಿಪಿಯು ಫ್ಯಾನ್’ ಎಂದು ಬರೆದ ಪಿನ್ನುಗಳಿಗೇ ಸೇರಿರಲಿ. ಗ್ರಾಫಿಕ್ಸ್ ಕಾರ್ಡು, ಎಸ್‌ಎಸ್‌ಡಿ, ಕ್ಯಾಬಿನೆಟ್ಟಿನ ಫ್ಯಾನುಗಳು, ಯುಎಸ್‌ಬಿ ವೈರುಗಳು ಯಾವುವೂ ಈಗ ಬೇಡ. ನಿಮ್ಮ ರೈಜನ್ 5 7600ರಲ್ಲಿಯೇ ಸರಳ ಗ್ರಾಫಿಕ್ಸ್ ಇರುವುದರಿಂದ ಮಾನಿಟರನ್ನು ಬೋರ್ಡಿನ ಎಚ್‌ಡಿಎಂಐ ಕಿಂಡಿಗೇ ಸೇರಿಸಬಹುದು. (ಹೆಸರಿನ ಕೊನೆಗೆ ‘ಎಫ್’ ಇರುವ ಪ್ರೊಸೆಸರುಗಳಲ್ಲಿ ಈ ಅನುಕೂಲವಿಲ್ಲ, ಅಂಥವನ್ನು ಕೊಂಡವರಿಗೆ ಚಿತ್ರ ಕಾಣಲು ಕಾರ್ಡು ಬೇಕೇ ಬೇಕು, ಆದರೆ ಫ್ಯಾನು ತಿರುಗುತ್ತದೆಯೇ ಎಂದು ನೋಡಲು ಅದೂ ಬೇಡ.)

ಈಗ ಮೊದಲ ಪರೀಕ್ಷೆ. 24 ಪಿನ್ ಕೇಬಲ್ಲನ್ನು ಮಾತ್ರ ಸೇರಿಸಿ, ಸಿಪಿಯು ಕೇಬಲ್ಲನ್ನು ಸೇರಿಸದೆ, ಎಸ್‌ಎಂಪಿಎಸ್‌ಗೆ ವಿದ್ಯುತ್ತು ಕೊಡಿ. ಮುಂಭಾಗದ ಗುಂಡಿಯ ವೈರು ಈಗ ಇಲ್ಲವಾದ್ದರಿಂದ ಬೋರ್ಡಿನ ಅಂಚಿನಲ್ಲಿರುವ ‘ಎಫ್ ಪ್ಯಾನಲ್’ ಗುಂಪಿನಲ್ಲಿ ಪವರ್ ಸ್ವಿಚ್ಚಿನ ಎರಡು ಪಿನ್ನುಗಳನ್ನು ಹುಡುಕಿ. ಬಹುತೇಕ ಬೋರ್ಡುಗಳಲ್ಲಿ ಎರಡು ಸಾಲುಗಳಲ್ಲಿ ಒಟ್ಟು 9 ಪಿನ್ನುಗಳಿದ್ದು, 10ನೆಯದರ ಜಾಗ ಖಾಲಿ ಇರುತ್ತದೆ. ಪವರ್ ಸ್ವಿಚ್ಚಿನವು 6 ಮತ್ತು 8ನೆಯವು, ಎಂದರೆ ಆ ಖಾಲಿ ಜಾಗವಿರುವ ಸಾಲಿನಲ್ಲಿ ಅದಕ್ಕೆ ಒತ್ತಿಕೊಂಡಿರುವ ಎರಡು. ಆದರೂ ನಿಮ್ಮ ಬೋರ್ಡಿನ ಕೈಪಿಡಿಯ ಚಿತ್ರ ನೋಡಿಯೇ ಖಚಿತಪಡಿಸಿಕೊಳ್ಳಿ. ಚಪ್ಪಟೆ ಸ್ಕ್ರೂ ಡ್ರೈವರಿನ ತುದಿಯನ್ನು ಆ ಎರಡಕ್ಕೂ ಒಟ್ಟಿಗೆ ಅರೆಕ್ಷಣ ತಾಗಿಸಿ. ಇಲ್ಲಿರುವುದು ಅತಿ ಕಡಿಮೆ ವೋಲ್ಟೇಜು, ಹೆದರಬೇಕಾಗಿಲ್ಲ.

ಫ್ಯಾನು ತಿರುಗಿ, ಬೋರ್ಡಿನ ಮೇಲೆ ‘ಸಿಪಿಯು’ ಎಂಬ ದೋಷದೀಪ ಹತ್ತಿಕೊಂಡು, ಕಂಪ್ಯೂಟರು ಆರದೆ ನಿಂತರೆ ಸಂತೋಷಪಡಿ. ಎಸ್‌ಎಂಪಿಎಸ್ ಏಳುತ್ತಿದೆ, ಬೋರ್ಡು ಅದನ್ನು ಎಬ್ಬಿಸುತ್ತಿದೆ ಎಂದು ಅದರಿಂದ ತಿಳಿಯುತ್ತದೆ. ಪ್ರೊಸೆಸರಿಗೆ ವಿದ್ಯುತ್ತು ಇಲ್ಲದ ಕಾರಣ ಮುಂದಕ್ಕೆ ಹೋಗುವುದಿಲ್ಲ, ಅದು ನಿರೀಕ್ಷಿತ. ಇಲ್ಲಿಗೆ ಹಳೆಯ ಕೇಬಲ್ಲಿನ ಮೇಲಿನ ಅನುಮಾನ ಬಹುಮಟ್ಟಿಗೆ ಸಾಬೀತಾದಂತೆ. ಕೆಲವು ಬೋರ್ಡುಗಳು ಸಿಪಿಯು ಕೇಬಲ್ ಇಲ್ಲದೆ ಏಳಲೇ ಒಪ್ಪುವುದಿಲ್ಲ. ಆದ್ದರಿಂದ ಏಳದಿದ್ದರೆ ಈ ಒಂದು ಪರೀಕ್ಷೆಯ ಮೇಲೆ ತೀರ್ಮಾನ ಮಾಡಬೇಡಿ.

ಮುಂದಿನ ಹೆಜ್ಜೆ ಹೊಸ ಎಸ್‌ಎಂಪಿಎಸ್‌ನ ಸ್ವಂತ ಸಿಪಿಯು ಕೇಬಲ್ಲನ್ನು ಹಾಕುವುದು. ಹಾಕುವ ಮೊದಲು ಮಲ್ಟಿಮೀಟರಿನಲ್ಲಿ ಒಂದು ಅಳತೆ ಮಾಡಿಕೊಂಡರೆ ಒಳ್ಳೆಯದು. ನಿಮ್ಮಲ್ಲಿ ಮಲ್ಟಿಮೀಟರು ಇಲ್ಲದಿದ್ದರೆ ಬುಧವಾರ ಪೇಠೆಯ ತಾಪಕೀರ್ ಗಲ್ಲಿಗೆ ಹೋಗಿ ಬನ್ನಿ. ಈ ಕೆಲಸಕ್ಕೆ ಕೆಲವು ನೂರು ರೂಪಾಯಿಯ ಸಾದಾ ಡಿಜಿಟಲ್ ಮೀಟರು ಧಾರಾಳವಾಯಿತು. (ಮುಂಬಯಿಯ ಓದುಗರಿಗೆ ಲ್ಯಾಮಿಂಗ್ಟನ್ ರೋಡ್ ಇದ್ದೇ ಇದೆ.) ಎಲ್ಲ ವಿದ್ಯುತ್ತನ್ನೂ ತೆಗೆದು, ಎರಡೂ ಕೇಬಲ್ಲುಗಳನ್ನು ಬಿಚ್ಚಿ, ಮೀಟರನ್ನು ರೋಧ ಅಳೆಯುವ ಓಮ್ ಸ್ಥಾನಕ್ಕೆ ತಿರುಗಿಸಿ, ಬೋರ್ಡಿನ 8 ಪಿನ್ ಸಾಕೆಟ್ಟಿನ ಒಂದು ಸಾಲಿನ ಪಿನ್ನಿಗೆ ಒಂದು ಕಡ್ಡಿಯನ್ನೂ ಎದುರು ಸಾಲಿನದಕ್ಕೆ ಇನ್ನೊಂದನ್ನೂ ತಾಗಿಸಿ ಹಿಡಿಯಿರಿ. ಆರೋಗ್ಯವಂತ ಬೋರ್ಡಿನಲ್ಲಿ ಕೆಪಾಸಿಟರುಗಳು ತುಂಬಿಕೊಳ್ಳುತ್ತಿದ್ದಂತೆ ಅಂಕಿ ಮೆಲ್ಲಗೆ ಏರುತ್ತ ಹೋಗುತ್ತದೆ. ಕಡ್ಡಿಗಳನ್ನು ಅದಲುಬದಲು ಮಾಡಿದರೂ ಅಂಕಿ ಸೊನ್ನೆಯ ಹತ್ತಿರವೇ ಗಟ್ಟಿಯಾಗಿ ನಿಂತಿದ್ದರೆ ಪ್ರೊಸೆಸರಿಗೆ ವಿದ್ಯುತ್ತು ಒದಗಿಸುವ ಬೋರ್ಡಿನ ಭಾಗದಲ್ಲಿ ಶಾರ್ಟ್ ಆಗಿದೆ ಎಂದರ್ಥ, ಮತ್ತು ಆಗ ಮಾತ್ರ ಅಂಗಡಿಯವರ ಮಾತು ನಿಜವಾಗುತ್ತದೆ. ರಕ್ಷಣಾ ಸರ್ಕ್ಯೂಟು ಅಷ್ಟು ಬೇಗ ಕಡಿದಿರುವುದರಿಂದ ಬೋರ್ಡು ಉಳಿದಿರುವ ಸಂಭವ ಸಾಕಷ್ಟಿದೆ ಎಂಬುದು ನನ್ನ ಅಂದಾಜು; ಆದರೆ ಅಳತೆ ನನ್ನ ಅಂದಾಜಿಗಿಂತ ಮೇಲು.

ಅಂಕಿ ಏರಿದರೆ ಹೊಸ ಕೇಬಲ್ ಹಾಕಿ, ಸ್ಕ್ರೂ ಡ್ರೈವರ್ ತಾಗಿಸಿ ನೋಡಿ. ಹಾಕುವಾಗ ಒಂದು ಎಚ್ಚರ: ಸಿಪಿಯು ಕೇಬಲ್ಲೂ ಗ್ರಾಫಿಕ್ಸ್ ಕಾರ್ಡಿನ ಕೇಬಲ್ಲೂ ನೋಡಲು ಅಣ್ಣತಮ್ಮಂದಿರಂತಿವೆ, ಎರಡಕ್ಕೂ 8 ಪಿನ್. ಸಿಪಿಯುವಿನದು ನಾಲ್ಕು ಮತ್ತು ನಾಲ್ಕಾಗಿ ಸೀಳುತ್ತದೆ, ಕಾರ್ಡಿನದು ಆರು ಮತ್ತು ಎರಡಾಗಿ. ಕಾರ್ಡಿನ ಕೇಬಲ್ಲನ್ನು ಬಲವಂತವಾಗಿ ಸಿಪಿಯು ಸಾಕೆಟ್ಟಿಗೆ ತುರುಕಿದರೆ ಅಲ್ಲಿಯೂ ಇದೇ ಶಾರ್ಟ್. ಕೇಬಲ್ ಗಿಡ್ಡವಾಯಿತು ಎಂಬ ನಿಮ್ಮ ಮೂಲ ತಾಪತ್ರಯಕ್ಕೆ ಸರಿಯಾದ ಪರಿಹಾರ ಸಿಪಿಯು ಎಕ್ಸ್‌ಟೆನ್ಷನ್ ಕೇಬಲ್. ಅದು ಮಾನದಂಡ ಪಾಲಿಸುವ ತುದಿಗೆ, ಎಂದರೆ ಬೋರ್ಡಿನ ಕಡೆಯ ತುದಿಗೆ ಸೇರಿ ಉದ್ದ ಕೊಡುವುದರಿಂದ ಯಾವ ಎಸ್‌ಎಂಪಿಎಸ್‌ಗಾದರೂ ಹೊಂದುತ್ತದೆ. ಅದು ಸಿಗುವವರೆಗೆ ಕೇಬಲ್ಲನ್ನು ಹಿಂಬದಿಯಿಂದ ಸುತ್ತಿಸದೆ ಬೋರ್ಡಿನ ಮೇಲಿಂದಲೇ ನೇರವಾಗಿ ಎಳೆದರೆ ಅಂದ ಕೆಡುತ್ತದೆ, ಕೆಲಸ ಕೆಡುವುದಿಲ್ಲ.

ಇಲ್ಲಿ ನಿಮ್ಮನ್ನು ಒಂದು ಮಾತು ಕೇಳಬೇಕು. ಗ್ರಾಫಿಕ್ಸ್ ಕಾರ್ಡಿಗೋ, ಹಳೆಯ ಹಾರ್ಡ್‌ಡಿಸ್ಕಿಗೋ ಕೂಡ ಹಳೆಯ ಎಸ್‌ಎಂಪಿಎಸ್‌ನ ಕೇಬಲ್ಲುಗಳನ್ನೇ ಹಾಕಿದ್ದೀರಾ? ಹಾಕಿದ್ದರೆ ಅವನ್ನೂ ಈಗಲೇ ತೆಗೆಯಿರಿ. ಸಿಪಿಯು ಕೇಬಲ್ಲಿನಲ್ಲಿ ತಪ್ಪಾದರೆ ಹೆಚ್ಚಾಗಿ ಶಾರ್ಟ್ ಆಗಿ ಎಸ್‌ಎಂಪಿಎಸ್ ತಾನೇ ನಿಂತುಹೋಗುತ್ತದೆ. ಡಿಸ್ಕಿಗೆ ವಿದ್ಯುತ್ತು ಒಯ್ಯುವ ಸಾಟಾ ಕೇಬಲ್ಲಿನಲ್ಲಿ ಹಾಗಲ್ಲ: ಅಲ್ಲಿ 5 ವೋಲ್ಟಿನ ಜಾಗಕ್ಕೆ 12 ವೋಲ್ಟ್ ಬಂದರೆ ಎಸ್‌ಎಂಪಿಎಸ್‌ಗೆ ಅದು ಶಾರ್ಟಾಗಿ ಕಾಣದೆ, ಡಿಸ್ಕು ಸದ್ದಿಲ್ಲದೆ ಸುಟ್ಟು, ಅದರಲ್ಲಿದ್ದ ಫೋಟೋಗಳೂ ಕಡತಗಳೂ ಅದರೊಡನೆ ಹೋಗಿಬಿಡಬಹುದು.

ಕ್ಯಾಬಿನೆಟ್ಟಿನ ಹೊರಗೆ ಎದ್ದ ಕಂಪ್ಯೂಟರು ಒಳಗೆ ಕೂರಿಸಿದ ಮೇಲೆ ಏಳದಿದ್ದರೆ ದೋಷ ಕ್ಯಾಬಿನೆಟ್ಟಿನದ್ದು. ಮುಖ್ಯವಾಗಿ ಹಿತ್ತಾಳೆಯ ಸ್ಟ್ಯಾಂಡ್‌ಆಫ್‌ಗಳನ್ನು ನೋಡಿ. ಇವು ಬೋರ್ಡನ್ನು ಲೋಹದ ತಟ್ಟೆಯಿಂದ ಮೇಲೆತ್ತಿ ಹಿಡಿಯುವ ಆರುಮೂಲೆಯ ಪುಟ್ಟ ಕಂಬಗಳು. ಕ್ಯಾಬಿನೆಟ್ಟುಗಳು ದೊಡ್ಡ ಎಟಿಎಕ್ಸ್ ಅಳತೆಯ ಬೋರ್ಡಿಗೆಂದು ಇವುಗಳಲ್ಲಿ ಕೆಲವನ್ನು ಮೊದಲೇ ಹಾಕಿಕೊಂಡು ಬರುತ್ತವೆ. ನಿಮ್ಮ ಬೋರ್ಡು ಚಿಕ್ಕ ಮೈಕ್ರೋ ಎಟಿಎಕ್ಸ್ ಆಗಿದ್ದರೆ ಬೋರ್ಡಿನಲ್ಲಿ ತೂತಿಲ್ಲದ ಕಡೆಯೂ ಒಂದು ಕಂಬ ಉಳಿದುಕೊಂಡು, ಬೋರ್ಡಿನ ಬೆನ್ನಿನ ಬೆಸುಗೆಗಳಿಗೆ ತಾಗುತ್ತ ಶಾರ್ಟ್ ಮಾಡುತ್ತಿರುತ್ತದೆ. ಬೋರ್ಡನ್ನು ಕ್ಯಾಬಿನೆಟ್ಟಿನ ಪಕ್ಕದಲ್ಲಿ ಹಿಡಿದು, ಅದರ ಒಂದೊಂದು ತೂತಿಗೂ ತಟ್ಟೆಯ ಮೇಲೆ ಕಂಬವಿದೆಯೇ, ತೂತಿಲ್ಲದ ಕಡೆ ಕಂಬವಿಲ್ಲವೇ ಎಂದು ನೋಡಿ. ಬಿದ್ದುಹೋದ ಒಂದು ಸ್ಕ್ರೂ ಬೋರ್ಡಿನ ಹಿಂದೆ ಸೇರಿಕೊಂಡಿದ್ದರೂ ಇದೇ ಫಲ. ಕ್ಯಾಬಿನೆಟ್ಟನ್ನು ಓರೆಮಾಡಿ ಅಲುಗಿಸಿದರೆ ಸದ್ದು ಬರುತ್ತದೆ. ಹಿಂಭಾಗದ ತಗಡಿನ ಪಟ್ಟಿಯ ನಾಲಗೆಯೊಂದು ಯುಎಸ್‌ಬಿ ಅಥವಾ ನೆಟ್‌ವರ್ಕ್ ಕಿಂಡಿಯ ಒಳಗೆ ಹೊಕ್ಕಿರುವುದನ್ನೂ ಕಂಡಿದ್ದೇನೆ.

ಕ್ಯಾಬಿನೆಟ್ಟಿನ ಗುಂಡಿಯೇ ಕೆಟ್ಟಿರುವುದು ಅಪರೂಪ, ಆದರೆ ಅದರ ವೈರನ್ನು ಪಕ್ಕದ ಪಿನ್ನುಗಳಿಗೆ ಹಾಕಿರುವುದು ಸಾಮಾನ್ಯ. ಸ್ವಿಚ್ಚಿನ ವೈರಿಗೆ ಹಿಂದುಮುಂದು ಇಲ್ಲ, ದೀಪಗಳ ವೈರಿಗೆ ಇದೆ.

ಇಷ್ಟಾದರೂ ಏಳದಿದ್ದಾಗ, ತಪ್ಪು ಬೋರ್ಡಿನದೋ ಎಸ್‌ಎಂಪಿಎಸ್‌ನದೋ ಎಂಬ ನಿಮ್ಮ ಮೂಲ ಪ್ರಶ್ನೆಗೆ ಖಚಿತ ಉತ್ತರ ಕೊಡುವ ಅಳತೆಯೊಂದಿದೆ. ಪೇಪರ್ ಕ್ಲಿಪ್ಪಿಗಿಂತ ನನಗೆ ಇದರ ಮೇಲೆ ಹೆಚ್ಚು ವಿಶ್ವಾಸ. ಎಲ್ಲವೂ ಜೋಡಿಸಿ ವಿದ್ಯುತ್ತು ಕೊಟ್ಟಿರುವಾಗಲೇ, ಮೀಟರನ್ನು 20 ವೋಲ್ಟ್ ಡಿಸಿ ಸ್ಥಾನದಲ್ಲಿಟ್ಟು, ಅದರ ಕಪ್ಪು ಕಡ್ಡಿಯನ್ನು ಕ್ಯಾಬಿನೆಟ್ಟಿನ ಲೋಹಕ್ಕೋ, ಕ್ಯಾಬಿನೆಟ್ಟಿನ ಹೊರಗೆ ಪರೀಕ್ಷಿಸುತ್ತಿದ್ದರೆ ಎಸ್‌ಎಂಪಿಎಸ್‌ನ ಸ್ಕ್ರೂವಿಗೋ ಒತ್ತಿ ಹಿಡಿದು, ಕೆಂಪು ಕಡ್ಡಿಯನ್ನು 24 ಪಿನ್ ಕನೆಕ್ಟರಿನ ಹಿಂಬದಿಯಿಂದ, ವೈರು ಒಳಹೋಗುವ ಸಂದಿನಲ್ಲಿ, 16ನೆಯ ಪಿನ್ನಿಗೆ ತಾಗಿಸಿ. ಬಣ್ಣದ ವೈರುಗಳಿದ್ದರೆ ಅದು ಹಸಿರು. ಈಗಿನ ಕಪ್ಪು ಕೇಬಲ್ಲುಗಳಲ್ಲಿ ಕೈಪಿಡಿಯ ಚಿತ್ರ ನೋಡಿ ಎಣಿಸಬೇಕು. ಗುಂಡಿ ಒತ್ತದಿರುವಾಗ ಅಲ್ಲಿ ಸಾಮಾನ್ಯವಾಗಿ 5 ವೋಲ್ಟಿನ ಆಸುಪಾಸು ಕಾಣುತ್ತದೆ. ಈಗ ಮಗಳಿಗೆ ಗುಂಡಿ ಒತ್ತಲು ಹೇಳಿ, ನೀವು ಅಂಕಿಯ ಮೇಲೆ ಕಣ್ಣಿಟ್ಟಿರಿ. ಅಂಕಿ ಸೊನ್ನೆಯ ಕಡೆಗೆ ಕುಸಿದರೆ ಬೋರ್ಡು ‘ಏಳು’ ಎಂದು ಹೇಳಿತೆಂದು ಅರ್ಥ. ಆದರೂ ಏಳದಿದ್ದರೆ ಎಸ್‌ಎಂಪಿಎಸ್ ಕೆಟ್ಟಿದೆ ಅಥವಾ ಎಲ್ಲಿಯೋ ಉಳಿದ ಶಾರ್ಟಿನಿಂದಾಗಿ ನಿರಾಕರಿಸುತ್ತಿದೆ. ಅಂಕಿ ಮಿಸುಕದೆ 5ರಲ್ಲಿಯೇ ನಿಂತಿದ್ದರೆ ಬೋರ್ಡು ಹೇಳುತ್ತಲೇ ಇಲ್ಲ, ತಪ್ಪು ಗುಂಡಿಯ ವೈರಿನದು ಅಥವಾ ಬೋರ್ಡಿನದು. ಕಡ್ಡಿ ಜಾರಿ ಎರಡು ಪಿನ್ನುಗಳಿಗೆ ಒಟ್ಟಿಗೆ ತಾಗದಂತೆ ನೋಡಿಕೊಂಡರೆ ಸಾಕು.

ಪೇಪರ್ ಕ್ಲಿಪ್ ಪರೀಕ್ಷೆಯೂ ಇದೇ ತತ್ವದ್ದು. 24 ಪಿನ್ ಕನೆಕ್ಟರನ್ನು ಬೋರ್ಡಿನಿಂದ ಬಿಚ್ಚಿ, ವಿದ್ಯುತ್ತು ತೆಗೆದಿರುವಾಗಲೇ ಕ್ಲಿಪ್ಪಿನ ತುದಿಗಳನ್ನು 16ನೆಯ ಪಿನ್ನಿಗೂ ಪಕ್ಕದ 17ನೆಯ ಗ್ರೌಂಡ್ ಪಿನ್ನಿಗೂ ಸಿಕ್ಕಿಸಿ, ಆಮೇಲೆ ಸ್ವಿಚ್ಚು ಹಾಕುವುದು. ಸರಿಯಾದ ಪಿನ್ನುಗಳಿಗೆ ಹಾಕಿದರೆ ಅದು ಸುರಕ್ಷಿತವೇ. ಆದರೆ ಎರಡು ಕಡೆ ಜನ ಮೋಸಹೋಗುತ್ತಾರೆ. ಕಡಿಮೆ ಹೊರೆಯಲ್ಲಿ ಫ್ಯಾನು ತಿರುಗಿಸದ ಎಸ್‌ಎಂಪಿಎಸ್‌ಗಳು ಈಗ ಬಹಳ ಇವೆ. ಅವು ಸರಿಯಿದ್ದರೂ ಕ್ಲಿಪ್ ಹಾಕಿದಾಗ ಫ್ಯಾನು ನಿಂತೇ ಇರುತ್ತದೆ, ನೋಡಿದವರು ಸತ್ತಿದೆ ಎನ್ನುತ್ತಾರೆ. ಫ್ಯಾನು ತಿರುಗಿತೆಂದು ವೋಲ್ಟೇಜುಗಳು ಸರಿಯಿವೆ ಎಂದೂ ಹೇಳಲಾಗದು. ಮೀಟರಿನಲ್ಲಿ 12 ವೋಲ್ಟ್ 11.4ರಿಂದ 12.6ರ ನಡುವೆ, 5 ವೋಲ್ಟ್ 4.75ರಿಂದ 5.25ರ ನಡುವೆ ಇದೆಯೇ ಎಂದು ನೋಡಿದರೆ ಮಾತ್ರ ಪರೀಕ್ಷೆ ಪೂರ್ತಿಯಾಯಿತು. ಏನೇ ಆದರೂ ಎಸ್‌ಎಂಪಿಎಸ್‌ನ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಅದರ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮೇಲ್ಪಟ್ಟ ವಿದ್ಯುತ್ತು ಪ್ಲಗ್ ಕಿತ್ತ ಮೇಲೂ ಕೆಲಕಾಲ ಉಳಿದಿರಬಹುದು.

ಬೋರ್ಡಿನ ದೀಪವೇ ಉರಿಯದ ಓದುಗರಿಗೆ ಎರಡು ಮಾತು. ನಮ್ಮಲ್ಲಿ ಕೆಲವು ಎಸ್‌ಎಂಪಿಎಸ್‌ಗಳ ಜೊತೆ 16 ಆಂಪಿಯರಿನ ದಪ್ಪ ಪಿನ್ನಿನ ವೈರು ಬರುತ್ತದೆ, ಬಾಡಿಗೆ ಮನೆಯ ಕೋಣೆಯಲ್ಲಿ ಇರುವುದು 6 ಆಂಪಿಯರಿನ ಸಾಕೆಟ್ಟು. ನಡುವೆ ಹಾಕುವ ಅಗ್ಗದ ಕನ್ವರ್ಷನ್ ಪ್ಲಗ್ಗು ಸಡಿಲವಾಗಿದ್ದು ವಿದ್ಯುತ್ತೇ ಬರುತ್ತಿರುವುದಿಲ್ಲ. ಪರೀಕ್ಷೆ ಮುಗಿಯುವವರೆಗೆ ಯುಪಿಎಸ್ಸನ್ನೂ ಎಕ್ಸ್‌ಟೆನ್ಷನ್ ಬೋರ್ಡನ್ನೂ ದೂರವಿಟ್ಟು ನೇರವಾಗಿ ಗೋಡೆಗೇ ಹಾಕಿ. ಹಳೆಯ ಕಟ್ಟಡಗಳಲ್ಲಿ ಮೂರನೆಯ ಪಿನ್ನಿಗೆ ಅರ್ಥಿಂಗ್ ಇಲ್ಲದಿದ್ದರೆ ಕ್ಯಾಬಿನೆಟ್ ಮುಟ್ಟಿದಾಗ ಜುಂ ಎನ್ನುತ್ತದೆ. ಅದು ಎಸ್‌ಎಂಪಿಎಸ್ ಕೆಟ್ಟಿದ್ದಕ್ಕಲ್ಲ, ಅದರ ಫಿಲ್ಟರಿನ ಕೆಪಾಸಿಟರುಗಳ ಮೂಲಕ ಸೋರುವ ಅಲ್ಪ ವಿದ್ಯುತ್ತಿಗೆ ಭೂಮಿಗಿಳಿಯುವ ದಾರಿ ಇಲ್ಲದ್ದಕ್ಕೆ. ಎಲೆಕ್ಟ್ರಿಷಿಯನ್ನರನ್ನು ಕರೆಸಿ ಸರಿಪಡಿಸಿಕೊಳ್ಳಲೇಬೇಕಾದ ವಿಷಯ ಅದು.

ನಿಮ್ಮ ಕಂಪ್ಯೂಟರು ಎದ್ದಿತು ಎಂದುಕೊಳ್ಳೋಣ. ಫ್ಯಾನು ತಿರುಗುತ್ತಿದೆ, ಪರದೆ ಕಪ್ಪಾಗಿಯೇ ಇದೆ. ಆಗ ಗಾಬರಿಬಿದ್ದು ಸ್ವಿಚ್ಚು ತೆಗೆಯಬೇಡಿ. ನಿಮ್ಮ ಪ್ರೊಸೆಸರು ಕೂರುವ ಎಎಂ5 ಸಾಕೆಟ್ಟಿನ ಬೋರ್ಡುಗಳು ಮೊದಲ ಸಲ ಏಳುವಾಗ ಡಿಡಿಆರ್5 ರ್‍ಯಾಮಿನ ಜೊತೆ ಸಮಯದ ಹೊಂದಾಣಿಕೆ ಮಾಡಿಕೊಳ್ಳುತ್ತವೆ, ಅದಕ್ಕೆ ಹಲವು ನಿಮಿಷಗಳೇ ಹಿಡಿಯಬಹುದು. ಆ ಹೊತ್ತಿನಲ್ಲಿ ‘ಡಿರ್‍ಯಾಮ್’ ದೀಪ ಉರಿಯುತ್ತಿರುವುದು ಸಹಜ. ಕಾಲು ಗಂಟೆಯಾದರೂ ಅದೇ ದೀಪ ನಿಂತಿದ್ದರೆ ರ್‍ಯಾಮನ್ನು ತೆಗೆದು ಎರಡೂ ಕಡೆ ಕಟಕ್ಕೆನ್ನುವಂತೆ ಮತ್ತೆ ಒತ್ತಿ, ಅಥವಾ ಇನ್ನೊಂದನ್ನು ಹಾಕಿ ನೋಡಿ. ಚಿತ್ರ ಬಂದ ಮೇಲೆ ಎರಡನೆಯ ರ್‍ಯಾಮು ‘ಬಿ2’ ಸ್ಲಾಟಿಗೆ, ಆಮೇಲೆ ಎಸ್‌ಎಸ್‌ಡಿ, ಕೊನೆಗೆ ಗ್ರಾಫಿಕ್ಸ್ ಕಾರ್ಡು. ಒಂದೊಂದನ್ನು ಸೇರಿಸಿದ ಮೇಲೂ ಒಮ್ಮೆ ಆನ್ ಮಾಡಿ ನೋಡಿ, ಪ್ರತಿ ಸಲ ಸೇರಿಸುವ ಮುನ್ನ ಗೋಡೆಯ ವಿದ್ಯುತ್ತು ತೆಗೆದಿರಲಿ.

ಅಳತೆಗಳು ಬೋರ್ಡಿನ ಕಡೆಗೇ ಬೆರಳು ತೋರಿಸಿದರೆ ವಾರಂಟಿಗೆ ಒಯ್ಯುವುದು ಅನಿವಾರ್ಯ. ಒಯ್ಯುವ ಮೊದಲು ಪ್ರೊಸೆಸರನ್ನು ತೆಗೆದು ಸಾಕೆಟ್ಟಿನ ಒಳಗಿನ ಚಿನ್ನದ ಬಣ್ಣದ ಸಂಪರ್ಕಗಳನ್ನು ಮೊಬೈಲಿನಲ್ಲಿ ಹತ್ತಿರದಿಂದ, ಬೆಳಕು ಓರೆಯಾಗಿ ಬೀಳುವಂತೆ ಹಿಡಿದು ಫೋಟೋ ತೆಗೆದಿಟ್ಟುಕೊಳ್ಳಿ. ಎಎಂ5ರಲ್ಲಿ ಆ 1718 ಸಂಪರ್ಕಗಳು ಇರುವುದು ಪ್ರೊಸೆಸರಿನಲ್ಲಲ್ಲ, ಬೋರ್ಡಿನಲ್ಲಿ. ಒಂದು ಬಾಗಿದ್ದರೂ ವಾರಂಟಿ ಇಲ್ಲವೆನ್ನುತ್ತಾರೆ, ಅದು ಕೌಂಟರಿನಲ್ಲಿ ಬಾಗಿತೋ ನಿಮ್ಮ ಮನೆಯಲ್ಲೋ ಎಂಬ ವಾದಕ್ಕೆ ಫೋಟೋ ಒಂದೇ ಉತ್ತರ. ಬೋರ್ಡಿನ ಜೊತೆ ಬಂದಿದ್ದ ಕಪ್ಪು ಪ್ಲಾಸ್ಟಿಕ್ ಮುಚ್ಚಳವನ್ನು ಸಾಕೆಟ್ಟಿನ ಮೇಲೆ ಹಾಕಿಯೇ ಕೊಡಿ, ಬಿಲ್ಲಿನ ಮೇಲಿನ ಸೀರಿಯಲ್ ಸಂಖ್ಯೆಯೂ ಬೋರ್ಡಿನದೂ ಒಂದೇ ಎಂದು ಅಲ್ಲಿಯೇ ತಾಳೆ ನೋಡಿ ರಸೀದಿ ಪಡೆಯಿರಿ. 8 ಪಿನ್ ಸಾಕೆಟ್ಟಿನಲ್ಲಿ ನೀವು ಅಳೆದ ಓಮ್ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದು ಬೋರ್ಡಿನ ಡಬ್ಬಿಯೊಳಗೆ ಇಟ್ಟರೆ ಸರ್ವಿಸ್ ಸೆಂಟರಿನಲ್ಲಿ ಅದನ್ನು ನೋಡುವವರಿಗೂ ಎಲ್ಲಿಂದ ಶುರುಮಾಡಬೇಕೆಂಬುದು ತಿಳಿಯುತ್ತದೆ.